ಎರಡು ಎಂಟು ಗಂಟೆ, ಏಳು ಸೆಂಟು

ಹೊಸಕೋಟೆ ಕೆರೆ ಏರಿಯ ತಾಳೆಮರಗಳ ತಲೆಗೆ ಬಿಸಿಲು ಮುಟ್ಟುವ ಹೊತ್ತಿಗೆ ಬುಡನ್ ಸಾಬರು ಮನೆಯಿಂದ ಹೊರಬೀಳುತ್ತಾರೆ. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ಲೋಟ, ಕಿವಿಯ ಮೇಲೆ ಸೀಸದಕಡ್ಡಿ, ಸೊಂಟದಲ್ಲಿ ನಶ್ಯದ ಡಬ್ಬಿ. ಹೊಂಗೆ ಹೂವು ಉದುರಿ ದಾರಿಯೆಲ್ಲ ಅವಲಕ್ಕಿ ಚೆಲ್ಲಿದಂತಾಗಿದೆ. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಇಂಥ ಏಪ್ರಿಲ್ ತಿಂಗಳಲ್ಲಿ, ಊರೆಲ್ಲ ಸೆಕೆಗೆ ಶಾಪ ಹಾಕುತ್ತ ಹೊರಳಾಡುವಾಗ, ಈ ಮನುಷ್ಯ ಮಳೆ ಅಳೆಯಲು ಹೊರಟಿದ್ದಾರೆ.

ಮನೆಯಿಂದ ಪ್ರವಾಸಿ ಬಂಗಲೆಯ ಹಿತ್ತಲಿಗೆ ನೂರ ಎಂಟು ಹೆಜ್ಜೆ. ಅಲ್ಲಿ ಮುಳ್ಳುತಂತಿಯ ಬೇಲಿಯೊಳಗೆ, ಅರ್ಧ ನೆಲದಲ್ಲಿ ಹೂತ ತಾಮ್ರದ ಕೊಳವೆಯೊಂದಿದೆ. ಅದರ ಬಾಯಿಗೆ ಆಲಿಕೆ, ಹೊಟ್ಟೆಯಲ್ಲಿ ಸೀಸೆ. ಅದೇ ಸರ್ಕಾರದ ಮಳೆಮಾಪಕ. ಸೀಸೆಯಲ್ಲಿ ಬಿದ್ದ ನೀರನ್ನು ಗೆರೆ ಹಾಕಿದ ಲೋಟಕ್ಕೆ ಸುರಿದು ನೋಡಬೇಕು. ಒಂದು ಗೆರೆಗೆ ಒಂದು ಸೆಂಟು, ನೂರು ಸೆಂಟಿಗೆ ಒಂದು ಅಂಗುಲ. ನೋಡಿದ್ದನ್ನು ಅಚ್ಚಾದ ಕಾರ್ಡಿನಲ್ಲಿ ಬರೆದು ಬೆಂಗಳೂರಿಗೆ ಟಪಾಲು ಮಾಡಬೇಕು. ಬಂಗಲೆಯ ಕಾವಲು, ಕಸಗುಡಿಸುವುದು, ದೊರೆಗಳು ಬಂದರೆ ಬಿಸಿನೀರು ಕಾಯಿಸುವುದು ಇವೆಲ್ಲದರ ಜೊತೆಗೆ ಹತ್ತೊಂಬತ್ತು ವರ್ಷದಿಂದ ಈ ಕೆಲಸವೂ ಬುಡನ್ ಸಾಬರ ಪಾಲಿಗಿದೆ. ಅವರಿಗೆ ಈಗ ಐವತ್ತೆರಡು. ಇಂಗ್ಲಿಷಿನಲ್ಲಿ ಅವರಿಗೆ ಬರೆಯಲು ಬರುವುದು ಒಂದೇ ಪದ, 'ನಿಲ್'. ಅದನ್ನು ಮಾತ್ರ ಅಮಲ್ದಾರರ ರುಜುವಿಗಿಂತ ಚೆಂದವಾಗಿ ಬರೆಯುತ್ತಾರೆ. ಕಾರ್ತಿಕದ ಮಳೆ ನಿಂತ ಮೇಲೆ ನಿನ್ನೆಯವರೆಗೆ ನೂರ ಮೂವತ್ತೆರಡು ನಿಲ್ ಬರೆದಿದ್ದಾರೆ.

"ನಿಲ್ ಅಂತ ಬರೆಯೋಕೂ ಹೋಗಿ ನೋಡ್ಬೇಕು ಸ್ವಾಮಿ" ಎನ್ನುತ್ತಾರೆ ಅವರು. "ಇಲ್ದೇ ಇರೋದನ್ನ ಇಲ್ಲ ಅನ್ನೋಕೂ ಕಣ್ಣು ಬೇಕು."

ಈ ಮಾತಿನ ಹಿಂದೆ ಒಂದು ಕಥೆಯಿದೆ. ಅವರಿಗಿಂತ ಮುಂಚೆ ಇದ್ದವನು ಮಹಾ ಸುಖಪುರುಷ. ಹಾಸಿಗೆಯಲ್ಲಿ ಮಲಗಿಕೊಂಡೇ ಹಂಚಿನ ಸದ್ದು ಕೇಳಿ, ಇದು ಮೂರು ಸೆಂಟು, ಇದು ಹತ್ತು ಸೆಂಟು ಎಂದು ಅಂದಾಜಿನಲ್ಲಿ ಬರೆಯುತ್ತಿದ್ದ. ಒಂದು ರಾತ್ರಿ ಹಂಚಿನ ಮೇಲೆ ಕೋತಿಗಳು ಹುಣಸೆಕಾಯಿ ಹಂಚಿಕೊಂಡಿದ್ದನ್ನು ಹನ್ನೆರಡು ಸೆಂಟು ಎಂದು ಬರೆದು ನೌಕರಿ ಕಳೆದುಕೊಂಡ. ಅವನ ಜಾಗಕ್ಕೆ ಬಂದ ದಿನ ಬುಡನ್ ಸಾಬರಿಗೆ ಮೇಲಿನವರು ಹೇಳಿದ್ದು ಒಂದೇ ಮಾತು: ಲೋಟದಲ್ಲಿ ಕಂಡದ್ದನ್ನು ಬರಿ, ಎಂಟು ಗಂಟೆಗೆ ಬರಿ.

ಈ ಎಂಟು ಗಂಟೆಯದೂ ಒಂದು ಫಜೀತಿಯೇ. ಯುದ್ಧದ ದೆಸೆಯಿಂದ ಒಂದೂವರೆ ವರ್ಷದ ಹಿಂದೆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಿರುಗಿಸಿದರು. ಊರಿಗೆ ಅಂದಿನಿಂದ ಹೊಸ ಟೈಮು ಒಂದು, ಹಳೇ ಟೈಮು ಒಂದು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹೊಸ ಟೈಮಿಗೆ ಹೊರಡುತ್ತದೆ, ಹಸು ಹಳೇ ಟೈಮಿಗೆ ಹಾಲು ಕೊಡುತ್ತದೆ. ಮಳೆ ಅಳೆಯುವುದು ಯಾವ ಎಂಟಕ್ಕೆ ಎಂದು ಬುಡನ್ ಸಾಬರು ಬರೆಸಿ ಕೇಳಿದರು. ಜವಾಬು ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರ ಯಾವ ಕಾರ್ಡಿಗೂ ಜವಾಬು ಬಂದದ್ದಿಲ್ಲ. ಯಾವುದಕ್ಕೂ ಇರಲಿ ಎಂದು ಅವರು ಎರಡು ಸಲ ಹೋಗುತ್ತಾರೆ. ಹೊಸ ಎಂಟಕ್ಕೆ ಹೋಗಿ ನೋಡುತ್ತಾರೆ, ಒಂದು ಗಂಟೆ ಕಾದು ಹಳೇ ಎಂಟಕ್ಕೆ ಬರೆಯುತ್ತಾರೆ. ಸರ್ಕಾರಕ್ಕೆ ಒಂದೇ ಸಂಬಳದಲ್ಲಿ ಎರಡು ಎಂಟು ಗಂಟೆ ಸಿಕ್ಕಿದಂತಾಗಿದೆ.

ಇವತ್ತು, ಏಪ್ರಿಲ್ ಹನ್ನೊಂದನೇ ತಾರೀಕು, ಹೊಸ ಎಂಟು ಗಂಟೆಗೆ ಅವರು ಎಂದಿನಂತೆ ಆಲಿಕೆ ಎತ್ತುತ್ತಾರೆ, ಸೀಸೆ ತೆಗೆಯುತ್ತಾರೆ, ಬರಿದಾದದ್ದನ್ನು ಬಗ್ಗಿಸುವ ಅಭ್ಯಾಸಬಲದಿಂದ ಲೋಟಕ್ಕೆ ಬಗ್ಗಿಸುತ್ತಾರೆ. ಸೀಸೆಯೊಳಗಿಂದ ಗುಳುಗುಳು ಎಂದು ನೀರು ಬೀಳುತ್ತದೆ. ಸಾಬರು ಕೂತೇಬಿಡುತ್ತಾರೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಸರಿಯಾಗಿ ಏಳು ಸೆಂಟು. ಕೆಳಗೆ ನೋಡಿದರೆ ನೆಲದಲ್ಲಿ ಧೂಳು ಹಾರುತ್ತಿದೆ.

ಅವರಿಗೆ ನಿಜವಾಗಿ ಹೆದರಿಕೆಯಾಗುತ್ತದೆ. ಪಿಂಚಣಿಗೆ ಇನ್ನು ಮೂರು ವರ್ಷವಿದೆ. ಏಳು ಸೆಂಟು ಎಂದು ಬರೆದರೆ ಕೋತಿಯ ಮಳೆ ಬರೆದವನಿಗೂ ತಮಗೂ ವ್ಯತ್ಯಾಸವಿಲ್ಲ. ನಿಲ್ ಎಂದು ಬರೆದರೆ ಲೋಟದಲ್ಲಿ ಕಂಡದ್ದನ್ನು ಮುಚ್ಚಿಟ್ಟ ಹಾಗೆ. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ತೀರ್ಮಾನಕ್ಕೆ ಉಳಿದಿರುವುದು ಒಂದೇ ಗಂಟೆ.

ಕಷ್ಟಕಾಲದಲ್ಲಿ ಅವರು ಓಡುವುದು ಬಂಗಲೆಯ ಎದುರು ಮನೆಯ ಆದಿನಾರಾಯಣಪ್ಪನವರ ಬಳಿಗೆ. ಇವರು ನಿವೃತ್ತ ಶಾಲಾ ಮೇಷ್ಟ್ರು, ಸಾಬರ ನಶ್ಯದ ಡಬ್ಬಿಯಲ್ಲಿ ಅರ್ಧ ಪಾಲುದಾರರು. ಮೇಷ್ಟ್ರು ಲೋಟವನ್ನು ಮೇಲಿಂದ ನೋಡಿದರು, ಕೆಳಗಿಂದ ನೋಡಿದರು, ಒಂದು ಚಿಟಿಕೆ ಏರಿಸಿ ಮತ್ತೆ ನೋಡಿದರು. ಮೊದಲು ಇಬ್ಬನಿ ಎಂದರು. ಅಷ್ಟು ಇಬ್ಬನಿ ಬಿದ್ದಿದ್ದರೆ ಊರು ತೇಲಿಹೋಗುತ್ತಿತ್ತು ಎಂದು ತಾವೇ ಅದನ್ನು ಹೊಡೆದುಹಾಕಿದರು. ಆಮೇಲೆ ಕಾಗೆ ಕೆರೆಯಲ್ಲಿ ಮಿಂದು ಬಂದು ಆಲಿಕೆಯ ಮೇಲೆ ರೆಕ್ಕೆ ಕೊಡವಿರಬೇಕು ಎಂದರು. ಏಳು ಸೆಂಟಿಗೆ ಎಷ್ಟು ಕಾಗೆ ಬೇಕಾದೀತು ಎಂದು ಲೆಕ್ಕ ಹಾಕುವಷ್ಟರಲ್ಲಿ ಹೊಲಕ್ಕೆ ಹೊರಟಿದ್ದ ಜವರಪ್ಪ ಎತ್ತು ನಿಲ್ಲಿಸಿಕೊಂಡು ಬಂದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಜವರಪ್ಪನದು. ಮಳೆ ಬಂದಿದೆ ಎಂಬುದರಲ್ಲಿ ಅವನಿಗೆ ಸಂಶಯವೇ ಹುಟ್ಟಲಿಲ್ಲ. ಅವನ ತಕರಾರೇ ಬೇರೆ. ರೇವತಿ ಮಳೆ ಹೋಗುವ ಕಾಲಕ್ಕೆ ಏಳು ಸೆಂಟು ಬಿದ್ದಿದೆ, ಅದರಲ್ಲಿ ಒಂದು ಹನಿಯೂ ತನ್ನ ಹೊಲಕ್ಕೆ ಬಂದಿಲ್ಲ.

"ಮಳೇನೂ ಈಗ ಸರ್ಕಾರದ ಕಾಂಪೌಂಡ್ ನೋಡ್ಕೊಂಡೇ ಬೀಳ್ತದಲ್ಲ ಸಾಬ್ರೇ" ಎಂದು ಅವನು ನೊಂದುಕೊಂಡ.

ಮಳೆಯಲ್ಲ ಎಂದು ಸಾಬರು ಅಂಗಲಾಚಿ ಹೇಳಿದ ಮೇಲೆ ಅವನ ಬುದ್ಧಿ ಇನ್ನೊಂದು ಕಡೆಗೆ ಹರಿಯಿತು. ಬೇಲಿಯ ಹತ್ತಿರ ಬೆಳಗಿನ ಹೊತ್ತು ಒಂದು ಕೆಂದು ನಾಯಿ ಕಾಲೆತ್ತುವುದನ್ನು ತಾನು ಎಷ್ಟೋ ಸಲ ಕಂಡಿದ್ದೇನೆ ಎಂದ. ಪರೀಕ್ಷಾರ್ಥವಾಗಿ ಲೋಟಕ್ಕೆ ಬೆರಳದ್ದಿ ನಾಲಿಗೆಗೆ ಒಯ್ಯುತ್ತಿದ್ದ ಮೇಷ್ಟ್ರು ಬೆರಳನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ, ಪಂಚೆಗೆ ಒರೆಸಿಕೊಂಡರು.

ಬಸ್ಸಿನ ಒಲೆಗೆ ಗಾಳಿ ಹಾಕುವ ಸದ್ದು ಪೇಟೆಯ ಕಡೆಯಿಂದ ಕೇಳುತ್ತಿದೆ. ಹೊಸ ಎಂಟೂವರೆ ಆಯಿತು ಎಂದು ಲೆಕ್ಕ. ಆಗ ಮೊಸರಿನ ಗಡಿಗೆ ಹೊತ್ತ ನರಸಮ್ಮ ಬೀದಿಯಲ್ಲಿ ಬಂದವಳು ಅಲ್ಲೇ ನಿಂತು, ಮೂಗರಳಿಸಿ, ಯಾರ ಮನೆಯಲ್ಲಿ ಮದುವೆ ಎಂದು ಕೇಳಿದಳು. ಗಂಡಸರು ಮೂವರೂ ಮುಖ ಮುಖ ನೋಡಿಕೊಂಡರು. ಇಬ್ಬರದು ಮೂವತ್ತು ವರ್ಷ ನಶ್ಯ ತಿಂದು ಸತ್ತ ಮೂಗು. ಜವರಪ್ಪನಿಗೆ ಹುಟ್ಟಿದಂದಿನಿಂದ ನೆಗಡಿ. ನರಸಮ್ಮ ಲೋಟಕ್ಕೆ ಮೂಗು ಹಚ್ಚಿ ಎರಡು ಸಲ ಮೂಸಿ ತೀರ್ಪು ಕೊಟ್ಟಳು.

"ಇದು ಪನ್ನೀರು ಕಣ್ರಪ್ಪಾ. ಒಳ್ಳೇ ಗುಲಾಬೀದು. ನೀರಾಗಿರೋದೆಲ್ಲ ಮಳೆ ಅಂದ್ಕೊಂಡ್ರೆ ಆಯ್ತದಾ?"

ಮೊಸರಿಗೆ ನೀರು ಬೆರೆಸುವುದರಲ್ಲಿ ಊರಿಗೇ ಹೆಸರಾದವಳ ಬಾಯಲ್ಲಿ ಬಂದ ಮಾತು, ಒಪ್ಪದೆ ವಿಧಿಯಿಲ್ಲ. ಆದರೆ ಪನ್ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಬುಡನ್ ಸಾಬರು ಲೋಟ ಹಿಡಿದುಕೊಂಡು ಮನೆಗೆ ನಡೆದರು. ನೂರ ಎಂಟು ಹೆಜ್ಜೆ ಅರವತ್ತರಲ್ಲೇ ಮುಗಿಯಿತು.

ಹದಿನೈದು ದಿನದ ಹಿಂದೆ ಅವರ ಮಗ ಖಲೀಲುಲ್ಲಾನಿಗೆ ಮದುವೆಯಾಗಿದೆ. ಸೊಸೆ ಫಕ್ರುನ್ನೀಸಾ ದೇವನಹಳ್ಳಿಯ ಅತ್ತರು ವ್ಯಾಪಾರಿಯ ಮಗಳು. ಮಾವನೆದುರು ಇನ್ನೂ ಬಾಗಿಲ ಮರೆಯಿಂದಲೇ ಮಾತು. ತವರಿನಿಂದ ಅವಳು ತಂದದ್ದರಲ್ಲಿ ಮೂರು ಸೀಸೆ ಪನ್ನೀರು ಇತ್ತು. ಅದರಲ್ಲೊಂದು ಈಗ ಕಿಟಕಿಯಲ್ಲಿ ಅರ್ಧ ಖಾಲಿಯಾಗಿ ಕೂತಿದೆ. ಸಾಬರ ಹೆಂಡತಿ ಅನ್ವರ್ ಬೇಗಂ ನಡುವೆ ನಿಂತು ಕೇಳಿದ ಮೇಲೆ ಸಂಗತಿ ಸ್ವಲ್ಪಸ್ವಲ್ಪವಾಗಿ ಹೊರಗೆ ಬಂತು.

ಮಾವ ದಿನಾ ಬೆಳಿಗ್ಗೆ ಒಂದು ಗಾಜಿನ ಲೋಟ ತೆಗೆದುಕೊಂಡು ಹೋಗುತ್ತಾರೆ. ಖಾಲಿ ಲೋಟದೊಂದಿಗೆ ವಾಪಸು ಬಂದು, ಚಪ್ಪಲಿ ಬಿಡುತ್ತ, 'ಆಜ್ ಭೀ ಏಕ್ ಸೆಂಟ್ ನೈ' ಎಂದು ನಿಟ್ಟುಸಿರು ಬಿಡುತ್ತಾರೆ. ಇವತ್ತೂ ಒಂದು ಸೆಂಟಿಲ್ಲ! ಹದಿನೈದು ದಿನ ಇದನ್ನೇ ಕೇಳಿದ ಹುಡುಗಿಗೆ ಅರ್ಥವಾದದ್ದು ಇಷ್ಟು: ಬೆಂಗಳೂರಿನ ಯಾರೋ ಸಾಹೇಬರಿಗೆ ದಿನವೂ ಸೆಂಟು ಬೇಕು. ಆ ತಾಮ್ರದ ಪಾತ್ರೆಯಲ್ಲಿ ಅದನ್ನು ತುಂಬಿಸಿಡುವುದು ಮಾವನ ನೌಕರಿ. ಮಾವನ ಕೈಯಲ್ಲಿ ಆಗುತ್ತಿಲ್ಲ, ಮರ್ಯಾದೆಗೆ ಅಂಜಿ ಯಾರನ್ನೂ ಕೇಳುತ್ತಲೂ ಇಲ್ಲ. ಸೆಂಟಿನ ಮನೆಯಲ್ಲೇ ಹುಟ್ಟಿದ ತಾನು ಸೊಸೆಯಾಗಿ ಬಂದೂ ಮಾವ ಸೆಂಟಿಲ್ಲದೆ ಮಾತು ಕೇಳುವುದೇ? ನಸುಕಿನಲ್ಲಿ ಬೇಲಿ ದಾಟಿ ಹೋಗಿ ಸುರಿದು ಬಂದಿದ್ದಳು. ಸೆರಗಿನಲ್ಲಿ ಮುಳ್ಳುತಂತಿ ತಾಗಿದ ಹರುಕು ಇನ್ನೂ ಹಾಗೇ ಇತ್ತು.

ಎಲ್ಲ ಹೇಳಿ ಮುಗಿಸಿ ಅವಳು ಬಾಗಿಲ ಹಿಂದಿನಿಂದ ಒಂದೇ ಒಂದು ಪ್ರಶ್ನೆ ಕೇಳಿದಳು. ಸಾಹೇಬರಿಗೆ ಅಷ್ಟು ಸಾಕಾಗುತ್ತದೆಯೇ, ಉಳಿದ ಎರಡು ಸೀಸೆಯನ್ನೂ ಕೊಡಲೇ?

ಅನ್ವರ್ ಬೇಗಂ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದರು. ಬುಡನ್ ಸಾಬರಿಗೆ ನಗು ಬರಲಿಲ್ಲ. ಕೋಪ ಮಾಡಿಕೊಳ್ಳೋಣವೆಂದು ಬಂದಿದ್ದರು, ಅದೂ ಬರಲಿಲ್ಲ. ಸಾಕು ಬೇಟಿ, ಬೇಕಾದಷ್ಟಾಯಿತು ಎಂದು ಹೇಳಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದರು. ನಶ್ಯ ಘಾಟಾಗಿತ್ತು ಎಂದು ಆಮೇಲೆ ಮೇಷ್ಟ್ರಿಗೆ ಹೇಳಿದರು. ಆ ಡಬ್ಬಿ ಆಗ ಮೇಷ್ಟ್ರ ಕೈಯಲ್ಲೇ ಇತ್ತು.

ಹಳೇ ಎಂಟು ಗಂಟೆಗೆ ಐದು ನಿಮಿಷ. ಬಂಗಲೆಯ ಜಗಲಿಯ ಮೇಲೆ ಕಾರ್ಡು, ಲೋಟ, ಸೀಸದಕಡ್ಡಿ ಮೂರನ್ನೂ ಸಾಲಾಗಿ ಇಟ್ಟುಕೊಂಡು ಸಾಬರು ಕೂತಿದ್ದಾರೆ. ಸಂಗತಿಯೆಲ್ಲ ಕೇಳಿದ ಮೇಷ್ಟ್ರ ಸಲಹೆ ಸುಲಭವಾದದ್ದು. ಲೋಟ ಗಿಡಕ್ಕೆ ಚೆಲ್ಲು, ನಿಲ್ ಎಂದು ಬರಿ, ಯಾರಿಗೆ ಗೊತ್ತಾಗಬೇಕು. ಪಿಂಚಣಿಯೂ ಉಳಿಯಿತು, ಸೊಸೆಯ ಮಾನವೂ ಉಳಿಯಿತು. ಜವರಪ್ಪ, ನರಸಮ್ಮ ಇಬ್ಬರೂ ಅದೇ ಸರಿ ಎನ್ನುತ್ತಾರೆ. ನರಸಮ್ಮನಂತೂ ಚೆಲ್ಲುವುದಾದರೆ ತನ್ನ ಸೆರಗಿಗೆ ಚೆಲ್ಲಲಿ ಎಂದು ಸೆರಗು ಒಡ್ಡಿದ್ದಾಳೆ.

ಸಾಬರು ತಲೆ ಅಲ್ಲಾಡಿಸುತ್ತಾರೆ. "ಚೆಲ್ಬಿಟ್ಟು ಬರೆದ್ರೆ, ಮಲ್ಗಿದ್ದಲ್ಲೇ ಬರೀತಿದ್ದೋನಿಗೂ ನಂಗೂ ಏನ್ ಫರಕ್ಕು ಮೇಷ್ಟ್ರೇ? ಅವನು ನೋಡ್ದೇ ಬರೆದ. ನಾನು ನೋಡಿ ಸುಳ್ಳು ಬರೆದಂಗಾಯ್ತದೆ."

ಕಾರ್ಡಿನ ಬಲತುದಿಯಲ್ಲಿ, ವಿಶೇಷವೇನಾದರೂ ಇದ್ದರೆ ಬರೆಯಲು, 'ಷರಾ' ಎಂಬ ಒಂದು ಕಾಲಮ್ಮಿದೆ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಅವರು ಒಂದು ಚುಕ್ಕಿಯನ್ನೂ ಇಟ್ಟವರಲ್ಲ. ಮಳೆಯ ಕಾಲಮ್ಮಿನಲ್ಲಿ ಎಂದಿನ ಚೆಂದದ ಅಕ್ಷರದಲ್ಲಿ ನಿಲ್ ಎಂದು ಬರೆಯುತ್ತಾರೆ. ಆಮೇಲೆ ಕಡ್ಡಿಯನ್ನು ನಾಲಿಗೆಗೆ ಒತ್ತಿ, ಷರಾ ಕಾಲಮ್ಮಿನಲ್ಲಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಾರೆ: 'ಲೋಟದಲ್ಲಿ ಏಳು ಸೆಂಟು ಪನ್ನೀರು ಇತ್ತು. ಆಕಾಶದ್ದಲ್ಲ. ಸುರಿದವರ ಮನಸ್ಸು ಒಳ್ಳೆಯದು.'

ಒತ್ತಕ್ಷರಗಳನ್ನು ತಿದ್ದಲು ಕೈ ಮುಂದೆ ಮಾಡಿದ ಮೇಷ್ಟ್ರು ಓದಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಕಾರ್ಡು ಟಪಾಲಿನ ಚೀಲ ಸೇರಿದೆ. ಇದ್ದಿಲ ಬಸ್ಸು ಅದನ್ನು ಹೊತ್ತುಕೊಂಡು, ದಮ್ಮು ರೋಗಿಯ ಹಾಗೆ ಕೆಮ್ಮುತ್ತ ಬೆಂಗಳೂರಿನ ದಾರಿ ಹಿಡಿದಿದೆ. ಬಿಸಿಲು ಆಗಲೇ ಜಗಲಿಯ ಮೂರನೇ ಮೆಟ್ಟಿಲಿಗೆ ಬಂದಿದೆ. ಸಾಬರು ಕೊಳವೆಯನ್ನು ಬೂದಿ ಹಾಕಿ ಮೂರು ಸಲ ತೊಳೆದಿದ್ದಾರೆ. ಗುಲಾಬಿಯ ವಾಸನೆ ಇನ್ನೂ ಹೋಗಿಲ್ಲ ಎಂದು ನರಸಮ್ಮ ಹೇಳುತ್ತಾಳೆ. ಇನ್ನು ಎಂಟು ದಿನ ಹೋಗುವುದಿಲ್ಲವಂತೆ. ಸೆಂಟು ಎಂದರೆ ಮಳೆಯ ಅಳತೆ ಎಂದು ಸೊಸೆಗೆ ಹೇಳುವ ಕೆಲಸವನ್ನು ಸಾಬರು ಹೆಂಡತಿಗೆ ವಹಿಸಿದ್ದಾರೆ. ಅದೂ ಇವತ್ತೇ ಬೇಡ, ಹುಡುಗಿ ಇವತ್ತೊಂದು ದಿನ ಸಂತೋಷವಾಗಿರಲಿ ಎಂದು ಅವರ ಅಪ್ಪಣೆ.

ಕೆಲಸ ಹೋದರೆ ಏನು ಗತಿ ಎಂದು ಜವರಪ್ಪ ಕೇಳುತ್ತಾನೆ. ಸಾಬರಿಗೆ ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ. ಆದರೂ ಈ ಕಾರ್ಡಿಗೆ ಒಂದು ಜವಾಬು ಬರಲಿ ಎಂಬ ಆಸೆಯೂ ಇದೆ, ಬೈಗುಳವಾದರೂ ಸರಿ. ಬಂದರೆ ಅಲ್ಲಿ ಓದುವವರು ಒಬ್ಬರಿದ್ದಾರೆ ಎಂದಾಯಿತು. ಯಾವ ಎಂಟು ಗಂಟೆ ಎಂದು ಅವರನ್ನೇ ಕೇಳಬಹುದು.

"ಹತ್ತೊಂಬತ್ತು ವರ್ಷ ನಿಲ್ ಬರ್ದಿದೀನಿ ಸ್ವಾಮಿ" ಎನ್ನುತ್ತ ಅವರು ಲೋಟವನ್ನು ಬಟ್ಟೆಯಲ್ಲಿ ಸುತ್ತುತ್ತಾರೆ. "ನನ್ನ ನಿಲ್ ನೋಡಿ ಅಯ್ಯೋ ಅಂದೋಳು ನಮ್ಮ ಸೊಸೆ ಒಬ್ಬಳೇ. ಅದನ್ನ ಬರೀದೇ ಬಿಟ್ಟಿದ್ರೆ ಅಳತೆ ತಪ್ಪಾಗೋಗ್ತಿತ್ತು."