ತೊಟ್ಟಿಲ ದಿನದ ಹಸಿರು ಸೀರೆ

ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬರೀ ಗಂಡುಮಕ್ಕಳನ್ನೇ ಸಾಕಿದ ಮನೆಗೆ ಮೊದಲ ಹೆಣ್ಣುಕೂಸು! ತೊಟ್ಟಿಲ ಶಾಸ್ತ್ರಕ್ಕೆ ಕೋಗಿಲು ಊರಿನ ನಮ್ಮ ಬೀದಿಯನ್ನೆಲ್ಲ ನಾನೇ ಕರೆದು ಬಂದೆ. ಅದು ಚುನಾವಣೆಯ ಸಮಯ. ನಮ್ಮ ಕಡೆ ಅಭ್ಯರ್ಥಿಯಾಗಿ ನಿಂತಿದ್ದವನು ಸೊಸೆಯ ಅಣ್ಣನೇ. ಏನೇ ಆಗಲಿ, ಸೋದರಮಾವ ಬಾರದೆ ತೊಟ್ಟಿಲು ತೂಗುವುದುಂಟೇ? ಮನೆಯ ಹೆಂಗಸರಿಗೆ ಸೀರೆಯನ್ನೂ ಅವನೇ ತರಬೇಕು.

ತಂದ. ಹಸಿರು ಸೀರೆ, ಮಾವಿನಕಾಯಿ ಅಂಚು. ನಾನೂ ಸೊಸೆಯೂ ಆಗಲೇ ಉಟ್ಟು ಬಂದೆವು. ಮಡಿಕೆಯಲ್ಲಿದ್ದ ಗುಂಡುಸೂಜಿ ನನ್ನ ಬೆರಳಿಗೆ ಚುಚ್ಚಿತು. ಅಂಗಡಿಯವರದ್ದು ಅಂದುಕೊಂಡೆ.

ಅಷ್ಟರಲ್ಲಿ ಜೀಪು ಬಂತು. ಅಭ್ಯರ್ಥಿಗಳ ಖರ್ಚು ನೋಡುವ ಅಧಿಕಾರಿಗಳಂತೆ, ಜೊತೆಗೊಂದು ಕ್ಯಾಮೆರಾ.

"ಅಜ್ಜಿ, ಈ ಸೀರೆ ಯಾರ್ ಕೊಟ್ರು?" ಎಂದಳು ಅಧಿಕಾರಿ ಹೆಂಗಸು.

"ಸೊಸೆ ಅಣ್ಣ ಕಣಮ್ಮ! ತವರಿನ ಉಡುಗೊರೆನೂ ಓಟಿಗೆ ಕೊಟ್ಟಿದ್ದಾ? ನಿಂಗೇನ್ ಅಣ್ಣತಮ್ಮ ಇಲ್ವಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಆ ಅಣ್ಣನ ಕಾರಿನ ಡಿಕ್ಕಿ ತೆಗೆಸ್ರೀ" ಎಂದಳು.

ತೆಗೆಸಿದರು. ಅದೇ ಹಸಿರು, ಅದೇ ಅಂಚು, ಕಟ್ಟುಕಟ್ಟು ಸೀರೆ. ಪ್ರತಿ ಸೀರೆಗೂ ಅವನ ಫೋಟೋ ಇರುವ ಚೀಟಿ, ಗುಂಡುಸೂಜಿಯಲ್ಲಿ ಸಿಕ್ಕಿಸಿದ್ದು. ನಮ್ಮ ಸೀರೆಗಳಿಂದ ಚೀಟಿ ಕಿತ್ತಿದ್ದ, ಸೂಜಿ ಮರೆತಿದ್ದ.

ಅವನು ನನ್ನನ್ನು ಪಕ್ಕಕ್ಕೆ ಕರೆದ. "ಅತ್ತೆ, ಇದು ನನ್ ದುಡ್ಡಲ್ಲ. ಸೈಟ್ ಲೇಔಟ್ ಮಾಡೋರು ಸೀರೆ ಲೋಡ್ ಇಳಿಸ್ತಾರೆ, ನಾವ್ ಹಂಚ್ತೀವಿ. ಗೆದ್ಮೇಲೆ ಅವ್ರ ಕೆಲ್ಸ ಮಾಡ್ಕೊಡೋದು. ಎಲ್ರೂ ಇಂಗೇಯ."

"ಆಗ್ಲಪ್ಪ. ಒಡಹುಟ್ಟಿದ್ ತಂಗಿಗೂ ಅದ್ರಲ್ಲೇ ತೆಗ್ದ್ಯಾ?"

ಸೊಸೆ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಾನು ಒಳಗೆ ಹೋಗಿ ನನ್ನ ಹಳೇ ಸೀರೆ ಉಟ್ಟೆ. ಹಸಿರು ಸೀರೆಯನ್ನು ಮಡಿಚಿ ತಂದು ಅಧಿಕಾರಿಯ ಮುಂದಿನ ರಾಶಿಯ ಮೇಲಿಟ್ಟೆ. "ತಗೋಳಮ್ಮ, ಇದನ್ನೂ ಸೇರಿಸ್ಕೋ." ನನ್ನ ಹಿಂದೆಯೇ ಸೊಸೆಯೂ ತನ್ನದನ್ನು ತಂದಿಟ್ಟಳು. ಅಣ್ಣನ ಮುಖ ನೋಡಲಿಲ್ಲ.

ಕೂಸು ಅಳತೊಡಗಿತು. ಶಾಸ್ತ್ರ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

"ಕೊರಳಲ್ಲಿರೋ ಪಾರ್ಟಿ ಶಾಲು ಅಲ್ಲೇ ತೆಗ್ದಿಟ್ಟು ಬರಿಗೈಲಿ ಬಾರಪ್ಪ. ಮಾವ ತಾನೇ ನೀನು, ತೂಗು" ಎಂದೆ.

ಬಂದು ತೂಗಿದ. ತಿಂಗಳಿಂದ ಒಲೆಯ ಮುಂದೆ ಗುನುಗಿಕೊಂಡಿದ್ದ ಜೋಗುಳ ಹಾಡಲು ಬಾಯಿ ತೆರೆದೆ. ಮೊದಲ ಸಾಲೇ ನೆನಪಾಗಲಿಲ್ಲ.