ಸುಬೇದಾರ್ ಕಾಕಾನ ಪರ ಬಂದ ಸಾಕ್ಷಿ

ಮೊನ್ನೆ ದಿಲ್‌ಸುಖ್‌ನಗರದಲ್ಲಿ ಹೊಲಿಗೆ ಯಂತ್ರ ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿಯವನು ಭಾಗಗಳನ್ನೆಲ್ಲ ಕಳಚಿ, ತಟ್ಟೆಗೆ ಸೀಮೆಎಣ್ಣೆ ಸುರಿದು ತೊಳೆಯತೊಡಗಿದ. ಎಷ್ಟೋ ವರ್ಷಗಳಿಂದ ಮೂಗಿಗೆ ಬೀಳದ ವಾಸನೆ. ಸುಬೇದಾರ್ ಕಾಕಾ ಇದ್ದಿದ್ದರೆ ಎದ್ದು ರಸ್ತೆಯ ಆ ಬದಿಗೆ ಹೋಗಿಬಿಡುತ್ತಿದ್ದರು ಅನ್ನಿಸಿತು...

ತಾರ್ನಾಕದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿ ಅವರಿದ್ದರು. ಬೀದರ್ ಕಡೆಯವರು. ಸೈನ್ಯದಿಂದ ಬಂದ ಮೇಲೆ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಕಾವಲು ಕೆಲಸ ಮಾಡಿ, ಅದೂ ಮುಗಿದು ಮನೆಯಲ್ಲಿದ್ದರು. ಹಾಲು ತರಲು ಹೋದರೆ ಅಲ್ಲಲ್ಲಿ ನಿಲ್ಲುತ್ತಿದ್ದರು. ಎದುರಿಗೆ ಯಾರಾದರೂ ಬಂದರೆ, ದಮ್ಮು ಹತ್ತಿ ನಿಂತದ್ದಲ್ಲ ಎಂಬಂತೆ ಬೇವಿನ ಮರದ ಕಡೆ ನೋಡುತ್ತಿದ್ದರು.

ಅವರ ಎದೆ ಕೆಟ್ಟದ್ದು ಹಿಮದ ಚೌಕಿಯಲ್ಲಿ. ಕಿಟಕಿ ಇಲ್ಲದ ಬಂಕರು, ಹಗಲೂ ರಾತ್ರಿ ಉರಿಯುವ ಸೀಮೆಎಣ್ಣೆಯ ಬುಖಾರಿ ಒಲೆ. ಅದನ್ನು ಆರಿಸಿದರೆ ಚಳಿಗೆ ಸಾವು, ಉರಿಸಿದರೆ ಹೊಗೆ. ಮುಂಜಾನೆ ಉಗುಳಿದರೆ ಹಿಮದ ಮೇಲೆ ಕರಿ ಬೀಳುತ್ತಿತ್ತಂತೆ. ಅಂಗವೈಕಲ್ಯ ಪಿಂಚಣಿಗೆ ಅವರು ಹಾಕಿದ್ದ ಅರ್ಜಿ ಮಾತ್ರ ತಿರಸ್ಕೃತವಾಗಿತ್ತು. ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಧೂಮಪಾನದಿಂದ ಬಂದಿರಬೇಕು ಎಂಬುದು ಸೈನ್ಯದ ವೈದ್ಯರ ತೀರ್ಮಾನ. ಮೇಲ್ಮನವಿಯಲ್ಲೂ ಅದೇ ಉತ್ತರ. ಬೀಡಿಯನ್ನು ಕೈಯಲ್ಲೂ ಹಿಡಿಯದ ಮನುಷ್ಯ.

"ರೊಕ್ಕದ್ದು ಬಿಡವಾ," ಎಂದಿದ್ದರು ನನಗೆ. "ಬೀಡಿ ಸೇದಾಂವ ಅಂತ ಬರದಾರಲ್ಲ, ಅದನ್ನ ತಗೀಲಿ."

ಕೊನೆಗೆ ಪ್ರಕರಣ ಸೈನಿಕರ ನ್ಯಾಯಮಂಡಳಿಗೆ ಹೋಯಿತು. ಆ ಬಂಕರಿನಲ್ಲಿ ಜೊತೆಗಿದ್ದವರು ಯಾರಾದರೂ ಹೇಳಿಕೆ ಕೊಟ್ಟರೆ ಬಲ ಬರುತ್ತದೆ ಎಂದರು ವಕೀಲರು. ಹಾಗೆ ಇದ್ದವರಲ್ಲಿ ವಿಳಾಸ ಗೊತ್ತಿದ್ದವನು ಒಬ್ಬನೇ. ಸೈನ್ಯದಲ್ಲಿ ಕಾಕಾನ ಕೈಕೆಳಗೆ ಜವಾನನಾಗಿದ್ದ ತೆಲುಗು ಮನುಷ್ಯ. ಶಂಶಾಬಾದಿನಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಗೋದಾಮೊಂದರಲ್ಲಿ ಗಾರ್ಡ್ ಆಗಿದ್ದ. ಕಾಕಾಗೆ ಒಬ್ಬರೇ ಓಡಾಡಲು ಆಗುತ್ತಿರಲಿಲ್ಲ. ಅವರ ಹೆಂಡತಿ ಕಾಕು ಕೇಳಿಕೊಂಡಿದ್ದರಿಂದ ಒಂದು ಭಾನುವಾರ ನಾನೂ ಜೊತೆಗೆ ಹೋದೆ.

ಜವಾನ ತನ್ನ ಮನೆಯ ಬಾಗಿಲಲ್ಲೇ ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಇಬ್ಬರೂ ಫೌಜಿನ ಹಿಂದಿಯಲ್ಲಿ ಹಳೆಯದೆಲ್ಲ ಮಾತಾಡಿ ನಕ್ಕರು, ನಕ್ಕು ಇಬ್ಬರೂ ಕೆಮ್ಮಿದರು. ಆ ಕೆಮ್ಮು ಕೇಳಿ ಅವನ ಎದೆಯೂ ಕೆಟ್ಟಿದೆ ಎಂದು ನನಗೆ ಅರ್ಥವಾಯಿತು. ಕಾಕಾ ಸಾಕ್ಷಿಯ ಮಾತೆತ್ತಿದಾಗ ಅವನು ತಲೆ ತಗ್ಗಿಸಿದ. "ಸಾಬ್, ಎದೆ ಸರಿ ಇದೆ ಅಂತ ಸುಳ್ಳು ಹೇಳಿ ಈ ನೌಕರಿ ಹಿಡಿದಿದ್ದೇನೆ. ಆ ಹೊಗೆಯ ಮಾತು ಆಡಿದರೆ ನನ್ನದೂ ಬಯಲಾಗುತ್ತದೆ," ಎಂದು ಹಿಂದಿಯಲ್ಲಿ ಹೇಳಿದ. ಒಳಗೆ ಅವನ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು. ಕಾಕಾ ಅವನ ಭುಜ ತಟ್ಟಿ, ಚಹಾ ಭಾಳ ಚಲೋ ಆಗಿದೆ ಎಂದು ಎದ್ದರು.

ಬರುವಾಗ ಆಟೋದಲ್ಲಿ ಕಾಕಾ ಹೇಳಿದರು: "ಅವನೂ ಅದ ಹೊಗಿ ಕುಡದಾನವಾ. ನನ್ನ ಎದಿ ಸಲುವಾಗಿ ಅವನ ಹೊಟ್ಟಿ ಮ್ಯಾಲೆ ಹೆಂಗ ಹೊಡೀಲಿ?"

ಕಾಕುಗೆ ಇದು ನುಂಗಲಾಗಲಿಲ್ಲ. "ಎಲ್ಲಾರ ಸಂಸಾರದ ಕಾಳಜಿ ನಿಮಗ. ನಿಮ್ಮ ಹೆಸರಿಗೆ ಹತ್ತಿದ ಮಸಿ ಯಾರು ತೊಳೀಬೇಕ್ರಿ?" ಎಂದು ಅತ್ತರು.

ವಿಚಾರಣೆಯ ದಿನ ನಾವು ಬೆಂಚಿನ ಮೇಲೆ ಕೂತಿದ್ದಾಗ ಜವಾನ ಬಂದ. ಡ್ಯೂಟಿಯಿಂದ ನೇರವಾಗಿ ಬಂದಿದ್ದ, ಗಾರ್ಡಿನ ಸಮವಸ್ತ್ರದಲ್ಲೇ. ಕಾಕಾ ಬೇಡವೆಂದು ಕೈ ಆಡಿಸಿದರು. ದಮ್ಮು ಹತ್ತಿ ಮಾತು ಹೊರಡಲಿಲ್ಲ. ಅವನು ಒಳಗೆ ಹೋಗಿ ಎಲ್ಲವನ್ನೂ ಹೇಳಿದ, ಬಂಕರು, ಬುಖಾರಿ, ಕೊನೆಗೆ ತನ್ನ ಎದೆಯ ಸಂಗತಿಯನ್ನೂ. ಹೊರಗೆ ಬಂದಾಗ ಕಾಕಾ ಕೇಳಿದರು, ನಿನ್ನನ್ನು ಕರೆದವರು ಯಾರು ಎಂದು. ಅವನು ಕಾಕು ಕಡೆ ನೋಡಿದ. ಕಾಕು ನಮಗೆ ಗೊತ್ತಿಲ್ಲದಂತೆ ಅವನಿಗೆ ಫೋನ್ ಮಾಡಿ ಅತ್ತಿದ್ದರು.

ಒಂದು ತೆಲುಗು ಪತ್ರಿಕೆ ಇದನ್ನು ಚೆಂದದ ಸುದ್ದಿಯಾಗಿ ಬರೆಯಿತು, ಹಳೆಯ ಸಾಹೇಬನಿಗಾಗಿ ಬಂದ ಜವಾನನೆಂದು ಅವನ ಫೋಟೋ ಹಾಕಿ. ಆ ಫೋಟೋ ಗೋದಾಮಿನವರ ಕಣ್ಣಿಗೂ ಬಿತ್ತು. ಕಾಯಿಲೆ ಮುಚ್ಚಿಟ್ಟಿದ್ದಾನೆಂದು ಕೆಲಸದಿಂದ ತೆಗೆದರು.

ಆಮೇಲೆ ಕಾಕಾನ ಪರವಾಗಿ ತೀರ್ಪು ಬಂತು. ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಸ್ಪಷ್ಟವಾಗಿ ಬರೆದಿದ್ದರು. ನಾನು ಪೇಢೆ ತೆಗೆದುಕೊಂಡು ಕೆಳಗೆ ಹೋದರೆ ಕಾಕಾ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಗೆದ್ದೆ ಅನಬ್ಯಾಡವಾ," ಎಂದರು ಅಷ್ಟೇ.

ಬಂದ ಪಿಂಚಣಿಯಲ್ಲಿ ಅವನಿಗೂ ಪಾಲು ಕೊಡಬೇಕೆಂದು ಮತ್ತೆ ಶಂಶಾಬಾದಿಗೆ ಹೊರಟರು. ನಾನೇ ಕರೆದುಕೊಂಡು ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಹೆಂಡತಿಯ ತವರಿಗೆ ಹೋದನಂತೆ, ಯಾವ ಊರೋ ಮಾಲೀಕನಿಗೂ ಗೊತ್ತಿಲ್ಲ. ಫೋನ್ ಹತ್ತಲಿಲ್ಲ. ಕಾಕಾ ಮೆಟ್ಟಿಲ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ...

ಅವತ್ತಿನಿಂದ ಅವರು ಕಾಕು ಜೊತೆ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಕರೆದರೆ ಬಂದು ಉಣ್ಣುವರು. ಔಷಧಿ ಕೊಟ್ಟರೆ ನುಂಗುವರು. ಕಾಕು ಅವರ ಬೆನ್ನು ನೀವುವರು, ಆವಿ ಯಂತ್ರದ ಮುಖವಾಡ ಹಿಡಿದು ಕೂಡುವರು. ಕಾಕಾ ಕಣ್ಣು ಮುಚ್ಚಿಕೊಂಡಿರುವರು. ಇಷ್ಟೊಳ್ಳೆಯ ಇಬ್ಬರು ಹೀಗಾದದ್ದನ್ನು ನೋಡಲಾಗುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ, ಆಸ್ಪತ್ರೆಯಲ್ಲಿ, ಕಾಕಾ ಹಾಗೆಯೇ ಹೋಗಿಬಿಟ್ಟರು.

ಕಾಕು ಈಗ ಬೀದರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಆಗಾಗ ಫೋನ್ ಮಾಡುತ್ತಾರೆ. ಜವಾನನ ಸುದ್ದಿ ಏನಾದರೂ ಸಿಕ್ಕಿತೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ನಿನ್ನೆಯೂ ಮಾಡಿದ್ದರು. ಮೊಮ್ಮಕ್ಕಳ ಮಾತೆಲ್ಲ ಮುಗಿದ ಮೇಲೆ ದನಿ ಇಳಿಸಿ ಕೇಳಿದರು, "ನಾ ಅವಂಗ ಫೋನ್ ಮಾಡಿದ್ದು ತಪ್ಪಾತೇನವಾ?"

"ತಪ್ಪಲ್ಲ ಬಿಡ್ರಿ ಕಾಕು," ಎಂದೆ. ಆ ಮಾತು ಅವರಿಗೆ ಬೇಕಿದ್ದದ್ದು ನನ್ನ ಬಾಯಿಂದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.