ಮೊಟಕು ಕೂಗಿನ ಹುಂಜ

ಹರಪನಹಳ್ಳಿಯ ಶಾಲೆಗೆ ವರ್ಗವಾಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಮೆಕ್ಕೆಜೋಳದ ಗೋದಾಮುಗಳ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ, ನನಗೊಬ್ಬಳಿಗೇ ಸಾಕಾಗುವಷ್ಟು ಒಂದು ಬಾಡಿಗೆ ಮನೆ. ಬೆಳಿಗ್ಗೆ ಹಾಲು ಕಾಯಲಿಟ್ಟು ಕಿಟಕಿ ತೆಗೆದಿದ್ದೆ, ಕೆಳಗೆಲ್ಲೋ ಒಂದು ಹುಂಜ ಕೂಗಿತು. ಹುಂಜದ ಕೂಗನ್ನು ನೀವೂ ಕೇಳಿಯೇ ಇರುತ್ತೀರಿ. ಅದು ಕೊನೆಯ ದನಿಯನ್ನು ಎಳೆಯುತ್ತದೆ, ಎಳೆದೆಳೆದು ಕೆಳಗಿಳಿಸುತ್ತದೆ. ಇದು ಎಳೆಯಲಿಲ್ಲ. ಕೂಗುತ್ತಿರುವಾಗಲೇ ಯಾರೋ ಬಾಯಿ ಮುಚ್ಚಿದ ಹಾಗೆ ಗಕ್ಕನೆ ನಿಂತುಬಿಟ್ಟಿತು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಮತ್ತೊಮ್ಮೆ ಕೂಗಿತು, ಮತ್ತೆ ಅಲ್ಲಿಗೇ ನಿಂತಿತು. ಅಯ್ಯೋ ದೇವರೇ ಅಂದುಕೊಂಡೆ. ಇಂಥ ಮೊಟಕು ಕೂಗು ನಮ್ಮ ಮಾವನ ಮನೆಯ ಹುಂಜಗಳದ್ದು. ಆ ಮನೆ ಈಗಿಲ್ಲ. ಅಲ್ಲಿನ ಕೋಳಿಗಳು ಒಂದೂ ಉಳಿಯದಂತೆ ಸತ್ತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದು ಸೀದ ವಾಸನೆ ಬಂದ ಮೇಲೇ ನನಗೆ ಗೊತ್ತಾಯಿತು.

ಕೊಟ್ಟೂರಿನಿಂದ ಕೂಡ್ಲಿಗಿಯ ಕಡೆಗೆ ಹೋಗುವಾಗ ನಡುವೆ ಒಳಕ್ಕೆ ತಿರುಗಿದರೆ ನಮ್ಮ ಮಾವನ ಊರು. ನಾನು ಅಂಬೆಗಾಲಿಡುವ ಹೊತ್ತಿಗೇ ನನ್ನ ಅವ್ವ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ತನ್ನ ದಾರಿ ತಾನು ನೋಡಿಕೊಂಡ. ಅವ್ವನ ಅಣ್ಣ ಓಬಯ್ಯ, ನನ್ನ ಸೋದರಮಾವ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ತಂದನಂತೆ. ತಂದವನು ಅವನು, ಸಾಕಿದವಳು ಅವ್ವನ ಅಕ್ಕ ಪಾಪವ್ವ, ನನ್ನ ದೊಡ್ಡವ್ವ. ಮಾವನ ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ ನಾವು ಮೂವರೇ, ಉಳಿದದ್ದೆಲ್ಲ ಕೋಳಿ. ಹಿತ್ತಲಲ್ಲಿ ಹುಣಸೆ ಮರದ ಕೆಳಗೆ ದೊಡ್ಡ ದೊಡ್ಡ ಬುಟ್ಟಿಗಳನ್ನು ಬೋರಲು ಹಾಕಿ, ಒಂದೊಂದರ ಕೆಳಗೆ ಒಂದೊಂದು ಹುಂಜ. ಒಂದರ ಮುಖ ಇನ್ನೊಂದು ನೋಡಬಾರದು, ನೋಡಿದರೆ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿ ಗುದ್ದಾಡುತ್ತಿದ್ದವು. ಬೂದಿ, ಬೇವಿನ ಸೊಪ್ಪಿನ ಹೊಗೆ, ನೆನೆಸಿದ ಸಜ್ಜೆ, ಇವುಗಳ ಜೊತೆಗೆ ಕೋಳಿ ಹಿಕ್ಕೆಯ ಘಾಟು. ಈ ವಾಸನೆ ನನ್ನ ಲಂಗದಲ್ಲಿ, ತಲೆಗೂದಲಲ್ಲಿ ಇರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಕೂರುತ್ತಿದ್ದರು. ಕೂತರೆ ಕೂರಲಿ ಎಂದು ನಾನು ಬೆಂಚಿನ ತುಂಬ ಒಬ್ಬಳೇ ಹರಡಿಕೊಂಡು ಕೂರುತ್ತಿದ್ದೆ.

ಎತ್ತರದ ಕಾಲು, ತಲೆಗೆ ಅಂಟಿದ ಸಣ್ಣ ಜುಟ್ಟು, ಬೆಳ್ಳಗಿನ ಕಣ್ಣು, ಎದೆಯ ಮೇಲೆ ಗರಿ ಕಡಿಮೆಯಾಗಿ ಕೆಂಪು ತೊಗಲು ಕಾಣುವ ಮೈ, ಆಮೇಲೆ ಆ ಮೊಟಕು ಕೂಗು. ಮಾವನ ಹುಂಜ ಎಂದರೆ ಹಡಗಲಿ, ಹೊಳಲಿನ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಜಾಲಿ ಗಿಡಗಳ ಮರೆಯಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ ಪಂದ್ಯಗಳಿಂದ ಅವು ರಕ್ತ ಸುರಿಸಿಕೊಂಡು ಮನೆಗೆ ಬಂದಾಗ ದೊಡ್ಡವ್ವ ಅರಿಶಿನ ಮೆತ್ತುತ್ತ, "ಇವ್ರ ಹಟಕ್ಕಿಷ್ಟು ಬೆಂಕಿ ಹಚ್ಚ" ಎಂದು ಬೈಯುತ್ತಿದ್ದಳು. ನನಗೂ ಆ ಪಂದ್ಯವೆಂದರೆ ಆಗುತ್ತಿರಲಿಲ್ಲ, ಇವತ್ತಿಗೂ ಅಷ್ಟೇ. ಮಾವ ಮಾತ್ರ ಮೀಸೆ ತಿರುವುತ್ತಿದ್ದ. ಅವನದೊಂದು ಕಟ್ಟಳೆ ಇತ್ತು; ಅವನಪ್ಪನಿಂದ ಬಂದದ್ದು. ಹುಂಜವನ್ನು ಬೇಕಾದವರಿಗೆ ಕೊಡಬಹುದು. ಹೇಂಟೆಯನ್ನು ಮಾತ್ರ ಕೊಡುವಂತಿಲ್ಲ, ಮಾರುವಂತಿಲ್ಲ, ಬೀಗರಿಗೂ ಇಲ್ಲ. ಹೇಂಟೆ ಹೋದರೆ ಕುಲವೇ ಇನ್ನೊಬ್ಬರ ಹಿತ್ತಲಿಗೆ ಹೋದ ಹಾಗೆ. "ಹುಂಜ ಬೇಕಂದ್ರ ಈಗ ಹಿಡಕೊಂಡು ಹೋಗ್ರಿ. ಹ್ಯಾಟಿ ಈ ಹೊಸ್ತಿಲ ದಾಟಾಂಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಹೇಂಟೆಗಳನ್ನು ಆರಿಸುತ್ತಿದ್ದವಳು ದೊಡ್ಡವ್ವ. ಹೆಸರು ಮಾವನದು, ಕೆಲಸ ಇವಳದು. ಹದ್ದು ಮೇಲೆ ಸುತ್ತುವಾಗ ಯಾವ ಹೇಂಟೆ ಓಡುತ್ತದೆ, ಯಾವುದು ಮರಿಗಳನ್ನು ರೆಕ್ಕೆಯ ಕೆಳಗಿಟ್ಟು ಕತ್ತೆತ್ತಿ ನಿಲ್ಲುತ್ತದೆ ಎಂದು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಲೇ ನೋಡಿಟ್ಟುಕೊಳ್ಳುತ್ತಿದ್ದಳು. ಸಂಜೆ ಅದನ್ನು ಹಿಡಿದು ಮಡಿಲಲ್ಲಿ ಮಲಗಿಸಿ ಎದೆಯ ಎಲುಬಿನ ಮೇಲೆ ಬೆರಳಾಡಿಸುತ್ತಿದ್ದಳು. ನನ್ನ ಬೆರಳು ಹಿಡಿದು ಅದೇ ಎಲುಬಿನ ಮೇಲೆ ಓಡಿಸಿ, "ಸೊಟ್ಟ ಐತೇನು? ಇಲ್ಲಲ್ಲ. ಹಂಗಾರ ಇದು ತಾಯಾಗ್ತೈತಿ" ಅನ್ನುತ್ತಿದ್ದಳು. ಕಾವಿಗೆ ಕೂರಿಸುವಾಗ ಮೊಟ್ಟೆಗಳ ನಡುವೆ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಡುತ್ತಿದ್ದಳು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು. ಮರಿ ಹೊರಬರುವ ದಿನ ಬುಟ್ಟಿಗೆ ಕಿವಿ ಇಟ್ಟು ಮಲಗುತ್ತಿದ್ದಳು. ಒಳಗಿನಿಂದ ಟಿಕ್ ಟಿಕ್ ಎಂದು ಚಿಪ್ಪು ಕುಟ್ಟುವ ಸದ್ದು ನನಗೂ ಕೇಳಲೆಂದು ನನ್ನ ತಲೆಯನ್ನೂ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಕೆನ್ನೆ, ನನ್ನ ಕೆನ್ನೆ, ನಡುವೆ ಆ ಬುಟ್ಟಿಯ ಬಿಸಿ. ಅಷ್ಟು ಸುಖವಾಗಿ ನಾನು ಬೇರೆಲ್ಲೂ ಮಲಗಿದ ನೆನಪಿಲ್ಲ.

ದೊಡ್ಡವ್ವನಿಗೆ ಗಂಡನಿದ್ದ. ಹರಪನಹಳ್ಳಿಯಾಚೆಯ ಅರಸೀಕೆರೆಯ ದುರುಗಪ್ಪ. ಮದುವೆಯಲ್ಲಿ ಮಾವ ತಂಗಿಯ ಗಂಡನಿಗೆ ಒಂದು ಎಳೆಯ ಹುಂಜವನ್ನು ಉಡುಗೊರೆಯಾಗಿ ಕೊಟ್ಟಿದ್ದನಂತೆ. ದುರುಗಪ್ಪ ಅದನ್ನು ತಮ್ಮ ಕಡೆಯ ಒಂದು ಗಟ್ಟಿ ಹೇಂಟೆಗೆ ಕೂಡಿಸಿ ತಾನೂ ಹುಂಜ ಬೆಳೆಸತೊಡಗಿದ. ಗಂಡ ಹೆಂಡತಿ ಚೆನ್ನಾಗಿಯೇ ಇದ್ದರು. ಮಕ್ಕಳಾಗಲಿಲ್ಲವೆಂದು ಅತ್ತೆ ಏನೋ ಆಡಿದಳು. ಆಡಿದ್ದು ಮಾವನ ಕಿವಿಗೆ ಬಿತ್ತು. ಇವನು ಬಸ್ಸು ಹತ್ತಿ ಹೋಗಿ, "ನಮ್ಮ ಮನಿ ಹೆಣ್ಣು ಮಾತು ಕೇಳಾಕ ಹುಟ್ಟಿಲ್ಲ" ಎಂದು ತಂಗಿಯ ಕೈ ಹಿಡಿದು ಎಳೆದುಕೊಂಡೇ ಬಂದ. ಅವಳನ್ನು ಒಂದು ಮಾತು ಕೇಳಲಿಲ್ಲ. ದುರುಗಪ್ಪನಿಗೂ ಸಿಟ್ಟು, ಅವನು ಕರೆಯಲು ಬರಲಿಲ್ಲ. ಆಮೇಲೆ ಊರವರು ಅವಳನ್ನು ಕಂಡಾಗಲೆಲ್ಲ "ಪಾಪ, ಹೋಗಾಕ ಜಾಗಿಲ್ಲ ಆಕಿಗೆ" ಅನ್ನುತ್ತಿದ್ದರು. ಕೇಳಿ ಕೇಳಿ ನಾನೂ ಹಾಗೇ ನಂಬಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೋಳಿಗಳಿಗೆ ಏನೋ ಆಗತೊಡಗಿತು. ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆತು ಹೋಗುತ್ತಿದ್ದವು. ಹೊರಬಂದ ಮರಿಗಳ ಕಾಲ್ಬೆರಳು ಸೊಟ್ಟ, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಾವ ಯಾರದೋ ಕಣ್ಣು ಬಿದ್ದಿದೆ ಎಂದು ಬುಟ್ಟಿಗಳಿಗೆಲ್ಲ ಮೆಣಸಿನಕಾಯಿ ನಿವಾಳಿಸಿದ. ದೊಡ್ಡವ್ವ ಒಂದು ಸೊಟ್ಟ ಮರಿಯನ್ನು ಅಂಗೈ ಮೇಲಿಟ್ಟು ಅವನ ಮುಂದೆ ಹಿಡಿದಳು. "ಅಣ್ಣಾ, ಕಣ್ಣಲ್ಲ ಇದು. ಅವ್ವ, ಮಗ, ಅಕ್ಕ, ತಮ್ಮ, ಎಲ್ಲಾ ಒಂದ ಬುಟ್ಟ್ಯಾಗ ಕೂಡಿಸಿದ್ರ ಇನ್ನೇನಾಗ್ತೈತಿ? ಹೊರಗಿನ ಹುಂಜ ಬೇಕು" ಅಂದಳು. ಹೊರಗಿನದು ಎಂದರೆ ಯಾರದು? ಸಿಕ್ಕಿದ್ದನ್ನು ತಂದರೆ ಕೂಗು, ಕಣ್ಣು, ನಿಲುವು ಎಲ್ಲ ಕೆಡುತ್ತದೆ. ಅರ್ಧ ನಮ್ಮ ರಕ್ತ, ಅರ್ಧ ಹೊಸ ರಕ್ತ ಇದ್ದದ್ದು ಒಂದೇ ಕಡೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಹುಣಸೆ ಮರದ ಕಡೆ ನೋಡುತ್ತ, "ನಾ ಹೋಗಾಂಗಿಲ್ಲ. ನೀ ಬೇಕಾರ ಹೋಗು" ಅಂದ.

ದೊಡ್ಡವ್ವ ನನ್ನನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಹರಪನಹಳ್ಳಿಯವರೆಗೂ ಸೆರಗನ್ನು ಬಿಚ್ಚಿ ಬಿಚ್ಚಿ ಮತ್ತೆ ಸರಿಮಾಡಿಕೊಂಡಳು. ಅರಸೀಕೆರೆಯಲ್ಲಿ ದುರುಗಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಇವಳನ್ನು ಕಂಡವನೇ ಎದ್ದು ನಿಂತ, ಹಗ್ಗ ಕೈಯಲ್ಲೇ ಇತ್ತು. ಬೈಗುಳಕ್ಕೆ ನಾನು ಕಾದೆ. ಅವನು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದ, ನನಗೊಂದು ಬೆಲ್ಲದ ಚೂರು ಕೊಟ್ಟ. ಅವನ ತಾಯಿ ಸತ್ತು ಬಹಳ ವರ್ಷವಾಗಿತ್ತು. ಗೋಡೆಯ ಗೂಟಕ್ಕೆ ಒಂದು ಹಳೆಯ ಹಸಿರು ಸೀರೆ ಮಡಿಸಿ ನೇತುಹಾಕಿತ್ತು. ದೊಡ್ಡವ್ವ ಅದನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಹಿತ್ತಲಲ್ಲಿ ಹುಂಜ ಕೂಗಿತು, ನಮ್ಮ ಮನೆಯದೇ ಕೂಗು, ಅರ್ಧಕ್ಕೇ. ಅದನ್ನೇ ಬುಟ್ಟಿಗೆ ಹಾಕಿಕೊಟ್ಟು ದುರುಗಪ್ಪ, "ಒಯ್ಯಿ. ಮರಿ ಆದ ಮ್ಯಾಲೆ ಹುಂಜ ವಾಪಸ್ ಬರಬೇಕು. ಅದರ ಸಂಗಾಟ ಒಂದು ಹ್ಯಾಟಿಮರಿ ಕೊಡು. ಬ್ಯಾರೆಯವ್ರ ಕೈಲೆ ಕಳಸಬ್ಯಾಡ. ನೀನ ತಗೊಂಡು ಬಾ" ಅಂದ. "ಬರ್ತೀನ್ರಿ" ಅಂದಳು ದೊಡ್ಡವ್ವ. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡಿಕೊಂಡು ನಗುತ್ತಿದ್ದಳು. ಅವಳು ಹಾಗೆ ಸುಮ್ಮಸುಮ್ಮನೆ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಆ ಸಲದ ಮರಿಗಳು ಹೇಗಿದ್ದವು ಅಂತೀರಿ! ಕಾಲು ನೆಟ್ಟಗೆ, ಹುಟ್ಟಿದ ದಿನವೇ ಒಂದರ ಮೇಲೊಂದು ಏರಿ ಹೋಗುವ ಪೊಗರು. ದೊಡ್ಡವ್ವ ಅವುಗಳಲ್ಲಿ ಒಂದು ಹೇಂಟೆಮರಿಯನ್ನು ಬೇರೆ ಇಟ್ಟು, ಬೆಳೆದು ದೊಡ್ಡದಾಗುವವರೆಗೆ ತನ್ನ ತುತ್ತಿನಲ್ಲಿ ಪಾಲು ಹಾಕಿ ಸಾಕಿದಳು. ಅದನ್ನು ಯಾರಿಗೆಂದು ಮಾವನಿಗೆ ಅರ್ಥವಾಯಿತು. "ಹುಂಜ ಎರಡು ಬೇಕಾರ ಕೊಡ್ತೀನಿ. ಹ್ಯಾಟಿ ಇಲ್ಲ" ಅಂದ. "ಮಾತು ಕೊಟ್ಟೀನಿ ಅಣ್ಣ." "ಯಾರನ್ನ ಕೇಳಿ ಕೊಟ್ಟಿ? ಹ್ಯಾಟೀನೂ ಹೋಗಾಂಗಿಲ್ಲ, ನೀನೂ ಹೋಗಾಂಗಿಲ್ಲ!" ಮರುದಿನ ಅರಸೀಕೆರೆಯ ಹುಂಜವನ್ನು ಆ ಕಡೆ ಹೋಗುವ ಒಂದು ಟೆಂಪೋದವನ ಕೈಯಲ್ಲಿ ಕಳಿಸಿಬಿಟ್ಟ. ಹುಂಜವೊಂದನ್ನೇ. ದೊಡ್ಡವ್ವ ಬೈದಿದ್ದರೆ, ಅತ್ತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಆ ಮನೆಯಲ್ಲಿ ದಿನಗಟ್ಟಲೆ ಸದ್ದೇ ಇರಲಿಲ್ಲ.

ಅದಾದ ಮೇಲೆ ಒಂದು ದಿನ ಅವಳು ಕೊಟ್ಟೂರು ಸಂತೆಗೆಂದು ಬೆಳಿಗ್ಗೆಯೇ ಹೋದಳು. ನಾನೂ ಬರುತ್ತೇನೆಂದು ಗಲಾಟೆ ಮಾಡಿದೆ. "ನೀ ಇಲ್ಲೇ ಇರು ತಾಯಿ, ಬಂದೇ ಬರ್ತೀನಿ" ಎಂದು ಗಲ್ಲ ಹಿಡಿದು ಹೇಳಿದಳು. ಸಂತೆಗೆ ಹೋಗುವವರು ಹಾಗೆಲ್ಲ ಆಣೆ ಮಾಡಿದವರಂತೆ ಹೇಳುವುದುಂಟೇ? ಸಂಜೆಯ ಬಸ್ಸಿಗೆ ಬಂದಳು. ಬುಟ್ಟಿ ಖಾಲಿ, ಮೆಣಸಿನಕಾಯಿ ಸಹ ತಂದಿರಲಿಲ್ಲ. ನನ್ನನ್ನು ಮಡಿಲಿಗೆ ಎಳೆದುಕೊಂಡು ಉಸಿರುಗಟ್ಟುವ ಹಾಗೆ ಅಪ್ಪಿಕೊಂಡಳು. ಆ ಹೇಂಟೆಮರಿ ಕಾಣಲಿಲ್ಲ. "ಮುಂಗಸಿ ಹೊತಗೊಂಡು ಹೋಗಿರಬೇಕು" ಅಂದಳು. ಮಾವ ಬೇಲಿಯ ತುಂಬ ಗರಿ ಹುಡುಕಿದ, ಒಂದೂ ಸಿಗಲಿಲ್ಲ.

ನಾನು ಹೈಸ್ಕೂಲಿಗೆ ಹೋಗುವಾಗ ಒಂದು ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಮೊದಲು ತೂಕಡಿಸಿದವು, ಆಮೇಲೆ ಹಸಿರು ಹಿಕ್ಕೆ ಹಾಕಿ ಕತ್ತು ತಿರುಚಿಕೊಂಡು ಬಿದ್ದವು. ವಾರದೊಳಗೆ ಹಿತ್ತಲು ಬರಿದು. ಬೇರೆ ಯಾರ ಮನೆಯಲ್ಲಾದರೂ ನಮ್ಮದೊಂದು ಹೇಂಟೆ ಇದ್ದಿದ್ದರೆ ಮತ್ತೆ ಶುರು ಮಾಡಬಹುದಿತ್ತು. ಇರಲಿಲ್ಲ, ಇರದಂತೆ ಮಾವ, ಅವನಪ್ಪ ಇಬ್ಬರೂ ಕಾದಿದ್ದರು. ಮಾವ ಒಂದೊಂದನ್ನೇ ಹುಣಸೆ ಮರದ ಬುಡದಲ್ಲಿ ಹೂತು, ಗುದ್ದಲಿ ಹಿಡಿದುಕೊಂಡೇ ಗೊಳೋ ಎಂದು ಅತ್ತ. ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಆಗ ಇಳಿದುಹೋಯಿತು. ದೊಡ್ಡವ್ವ ಬಾಯಿ ತೆರೆದು ಏನೋ ಹೇಳಲು ಹೋಗಿ ಸುಮ್ಮನಾದಳು. ಕೆಲವು ವರ್ಷಗಳ ಮೇಲೆ ಮಾವ ತೀರಿಹೋದ. ನಾನು ನೌಕರಿ ಸೇರಿ ದೊಡ್ಡವ್ವನನ್ನು ನನ್ನ ಜೊತೆಗೇ ಇಟ್ಟುಕೊಂಡಿದ್ದೆ. ಬಾಡಿಗೆ ಮನೆಯ ಕಾಂಕ್ರೀಟು ಅಂಗಳದಲ್ಲೂ ಬೆಳಿಗ್ಗೆ ಒಂದು ಹಿಡಿ ಜೋಳ ಚೆಲ್ಲುತ್ತಿದ್ದಳು. ಗುಬ್ಬಿ ಬಂದರೆ ಬಂತು. ಅವಳೂ ಹೋದಳು. ಆ ಮನೆಯ ಜಾಗದಲ್ಲಿ ಈಗ ಯಾರೋ ಮೆಕ್ಕೆಜೋಳ ಒಣಗಿಸುತ್ತಾರೆ.

ಮೊನ್ನೆ ಆ ಕೂಗು ಕೇಳಿದವಳು ಚಪ್ಪಲಿ ಮೆಟ್ಟಿಕೊಂಡು ಇಳಿದೇ ಹೋದೆ. ಗೋದಾಮಿನ ಕಾಂಪೌಂಡಿನಲ್ಲಿ ನನ್ನ ವಾರಿಗೆಯ ಒಬ್ಬ ಹಮಾಲಿ ಬುಟ್ಟಿ ಎತ್ತಿ ಹುಂಜಕ್ಕೆ ಕಾಳು ಹಾಕುತ್ತಿದ್ದ. ಬೆಳ್ಳಗಿನ ಕಣ್ಣು, ಸಣ್ಣ ಜುಟ್ಟು. ಎಲ್ಲಿಯದು ಎಂದು ಕೇಳಿದೆ. "ನಮ್ಮೂರು ಅರಸೀಕೆರೆ ಮೇಡಂ. ನಮ್ಮ ದೊಡ್ಡಪ್ಪ ದುರುಗಪ್ಪಂದು ಈ ಕುಲ. ಈಗ ಅವ್ರಿಲ್ಲ" ಅಂದ. ಪಕ್ಕದಲ್ಲಿದ್ದ ಹೇಂಟೆಯನ್ನು ಹಿಡಿದು ನನ್ನ ಕೈಗೆ ಕೊಟ್ಟ. "ಇದರ ತಾಯಿ, ತಾಯಿಯ ತಾಯಿ, ಹಂಗ ಹೋದ್ರ ಎಲ್ಲಾ ಒಂದ ಹ್ಯಾಟಿದು. ನಮ್ಮ ದೊಡ್ಡವ್ವ ಬುಟ್ಟ್ಯಾಗ ಮುಚಿಗೊಂಡು ತಂದಿದ್ಲು. ಆಗ ನಾ ಸಣ್ಣಾವ, ನೋಡೀನಿ."

ನಮ್ಮ ದೊಡ್ಡವ್ವ ಅಂದ. ನನ್ನ ಹಾಗೇ ಅಂದ. ಲೋಕದಲ್ಲಿ ಆ ಮಾತು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳು ಅಲ್ಲೇ ಉಳಿಯಲಿಲ್ಲವೇ ಎಂದು ಕೇಳಿದೆ.

"ದೊಡ್ಡಪ್ಪ ಇರು ಅಂದ್ರು, ಕೈ ಹಿಡಕೊಂಡು ಅಂದ್ರು. ಆಕಿ ಅಳಾಕ ಹತ್ತಿದ್ಲು. ಮನ್ಯಾಗ ಅವ್ವಿಲ್ಲದ ಕೂಸು ಐತಿ, ಕೂಸಿನ್ನ ನಮ್ಮಣ್ಣ ಕಳಸಾಂಗಿಲ್ಲ, ಕೂಸಿನ್ನ ಬಿಟ್ಟು ನಾ ಇರಾಂಗಿಲ್ಲ ಅಂದು ಸಂಜಿ ಬಸ್ಸಿಗೆ ಹೊಳ್ಳಿ ಹೋದ್ಲು. ದೊಡ್ಡಪ್ಪ ಕಡೀತನಕ ಒಬ್ಬರ ಇದ್ರು. ಹ್ಯಾಟಿ ಯಾರು ಕೇಳಿದ್ರೂ ಇಲ್ಲ ಅನಬ್ಯಾಡ ಅಂತ ಹೇಳಿ ಹೋದ್ರು." ಆಮೇಲೆ ಕಾಳಿನ ಕೈ ಒರೆಸಿಕೊಳ್ಳುತ್ತ ಅಂದ, "ಆ ಕೂಸು ಈಗ ಎಲ್ಲೈತೋ ಏನೋ. ನಿಮಗ ಬೇಕೇನ್ರಿ ಮೇಡಂ, ಒಂದು ಹ್ಯಾಟಿ?"

ನಾನು ಹೇಂಟೆಯ ಎದೆಯ ಎಲುಬಿನ ಮೇಲೆ ಬೆರಳಾಡಿಸಿದೆ. ಎಲ್ಲೂ ಸೊಟ್ಟ ಇರಲಿಲ್ಲ. ಆ ಕೂಸು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವರ ದೊಡ್ಡಪ್ಪ ಒಂಟಿಯಾಗಿ ಸತ್ತದ್ದು ನನ್ನಿಂದಲೇ ಎಂದಂತೆ. ಸಾಕಲು ಜಾಗವಿಲ್ಲಪ್ಪ ಎಂದು ಹೇಂಟೆಯನ್ನು ಅವನ ಕೈಗೇ ಕೊಟ್ಟು ಮೆಟ್ಟಿಲು ಹತ್ತಿ ಬಂದೆ. ಒಲೆಯ ಮೇಲೆ ಸೀದ ಹಾಲು ಹಾಗೇ ಒಣಗಿತ್ತು. ಅದನ್ನು ಕೆರೆಯುತ್ತ ಕೆರೆಯುತ್ತ ಅತ್ತೆ. ದೊಡ್ಡವ್ವನಿಗೆ ಹೋಗಲು ಜಾಗವಿತ್ತು. ಗೂಟದ ಮೇಲೆ ಅವಳ ಸೀರೆಯೂ ಇತ್ತು. ಇದನ್ನು ಹೇಳಿಕೊಳ್ಳೋಣವೆಂದರೆ ಆ ಮನೆಯವರು ಯಾರೂ ಇಲ್ಲ, ಅದಕ್ಕೇ ನಿಮಗೆ ಹೇಳಿದೆ.